ಅಜ್ಜ ಕೊಟ್ಟ ಶ್ರುತಿ

೬ ಫೆಬ್ರವರಿ

ಪ್ರೀತಿಯ ತಮ್ಮನಿಗೆ,

ನೀನು ಆ ದೂರದ ಊರಿಗೆ ಹೋಗಿ ಎರಡು ವರ್ಷವಾಗುತ್ತಾ ಬಂತು. ಕಾಗದ ಬರುತ್ತದೆ, ಸರಿ. ಒಂದು ಫೋನ್ ಮಾಡಿದರೆ ನಿನ್ನ ಗಂಟೇನು ಹೋಗುತ್ತದೆ? ಸಂಜೆ ಮನೆಗೆ ಹೋಗುವಾಗ ಐಸ್ ಫ್ಯಾಕ್ಟರಿಯ ಗುಮಾಸ್ತ ಫೋನನ್ನು ಮೆಟ್ಟಿಲ ಬುಡದ ಮೇಜಿನ ಮೇಲೆ ಇಟ್ಟು ಹೋಗುತ್ತಾನೆ, ಅದೂ ನಮಗಾಗಿಯೇ. ಅದು ಹೊಡೆದುಕೊಂಡಾಗಲೆಲ್ಲ ನಾನು ಸ್ಯಾಕ್ಸೊಫೋನ್ ಕೆಳಗಿಟ್ಟು ದಡದಡ ಇಳಿಯುತ್ತೇನೆ. ಆ ಕಡೆ ಯಾರೋ ಐಸ್ ಇದೆಯಾ ಅನ್ನುತ್ತಾರೆ. ಮೈಯೆಲ್ಲ ಉರಿಯುತ್ತದೆ ಕಣೋ.

ಬ್ಯಾಂಡಿನವರೆಲ್ಲ ನೀನು ಬಿಟ್ಟುಹೋದ ಹಾಗೇ ಇದ್ದಾರೆ, ಕಷ್ಟ ಇರುವುದೇ ಅಲ್ಲಿ. ಕೊರಳಲ್ಲಿ ಅಳತೆ ಟೇಪು ನೇತಾಡದಿದ್ದರೆ ದರ್ಜಿಯಣ್ಣನಿಗೆ ಇವತ್ತಿಗೂ ಟ್ರಂಪೆಟ್ ಊದಲು ಉಸಿರು ಬರುವುದಿಲ್ಲ. ಹೋದ ವಾರ ಮರೆತು ಬಂದು, ಅರ್ಧಕ್ಕೇ ಎದ್ದು ಅಂಗಡಿಗೆ ಹೋಗಿ ಹಾಕಿಕೊಂಡು ಬಂದ. ಲೆಕ್ಕದ ಮೇಷ್ಟ್ರು ಟ್ರೊಂಬೋನ್ ಕೆಳಗಿಳಿಸಿದರೆ ಸಾಕು, ಬಾಯಲ್ಲಿ ತಾಳ ಎಣಿಸುತ್ತಾರೆ, ಎಣಿಸುತ್ತಲೇ ಬೈಯುತ್ತಾರೆ: "ಒಂದು, ಎರಡು, ದರ್ಜಿ ಅವಸರ ಮಾಡ್ಬೇಡ, ನಾಲ್ಕು." ತಾಳ ಹೊಡೆಯುವ ಪೋಸ್ಟ್‌ಮ್ಯಾನ್ ಗೋಡೆಗೊರಗಿ ನಿದ್ದೆ ಮಾಡುತ್ತಾನೆ, ತನ್ನ ಪೆಟ್ಟು ಬಂದಾಗ ಮಾತ್ರ ಕಣ್ಣು ಬಿಡುತ್ತಾನೆ. ಒಂದು ಸಲವೂ ತಪ್ಪಿಲ್ಲ. ನಮ್ಮ ಮಾವನಂತೂ ಕೇಳಲೇಬೇಡ. ಅಭ್ಯಾಸ ಮುಗಿದ ಮೇಲೆ ದೊಡ್ಡ ಡ್ರಮ್ಮಿಗೆ ಅಂಗೈಯಿಂದ ಒಂದು ಮೆಲುಪೆಟ್ಟು ಕೊಟ್ಟು ಮಲಗಿಸಬೇಕು, ಮುಸುಕು ಹೊದಿಸಬೇಕು, ಸುತ್ತಲಿನ ಲಾಡಿಗಳನ್ನೆಲ್ಲ ತಾವೇ ಗಂಟು ಹಾಕಬೇಕು. ಮೊನ್ನೆ ಕರೆಂಟು ಹೋಗಿ ನಾವೆಲ್ಲ ಗೋಡೆ ತಡವುತ್ತಾ ಇಳಿದು ಬಂದೆವು. ಮಾವ ಕತ್ತಲಲ್ಲೇ ಗಂಟು ಹಾಕಿ ಬಂದರು. ನಮ್ಮಿಬ್ಬರನ್ನು ಸಾಕುವಾಗಲೂ ಹೀಗೇ ಅಲ್ಲವೇ, ಹೊದಿಕೆ ಸರಿಮಾಡದೆ ಒಂದು ದಿನ ಮಲಗಿದವರಲ್ಲ.

ಒಂದು ಸಂಗತಿ ನಿನಗೆ ಹೇಳಬೇಕು. ಅಜ್ಜನ ದನಿ ಏರಿದೆ. ಮಾವ ಈ ಐಸ್ ಫ್ಯಾಕ್ಟರಿಯ ಮಾಲೀಕನ ಲಾರಿ ಓಡಿಸುತ್ತಿದ್ದ ಕಾಲದಲ್ಲಿ ನಮಗೆ ಈ ಮಹಡಿಯ ಕೋಣೆ ಸಿಕ್ಕಿದ್ದು, ಅಂದಿನಿಂದ ಕೆಳಗಿನ ಕಂಪ್ರೆಸರ್ ಗುಂಯ್ ಅನ್ನುವ ದನಿಗೇ ನಾವು ವಾದ್ಯ ಕೂಡಿಸಿಕೊಳ್ಳುವುದು. ಆ ಯಂತ್ರಕ್ಕೆ ಅಜ್ಜ ಎಂದು ಹೆಸರಿಟ್ಟವನು ನೀನೇ. ಈ ಬೇಸಿಗೆಗೆ ಐಸ್ ಹೆಚ್ಚು ಬೇಕೆಂದು ಮಾಲೀಕ ಅದರ ಬೆಲ್ಟು ಓಡುವ ಗಾಲಿ ಬದಲಿಸಿ ವೇಗ ಏರಿಸಿದ್ದಾನೆ. ಹಳೆಯ ಆಪರೇಟರ್ ಜಗಳವಾಡಿ ಬಿಟ್ಟು ಹೋದ. ನಾವು ಎಲ್ಲ ವಾದ್ಯ ಒಂದಿಷ್ಟು ಮೇಲಕ್ಕೆಳೆದುಕೊಂಡೆವು. "ಅಜ್ಜ ಏರಿದ್ರೆ ನಾವೂ ಏರೋಣ, ಅದಕ್ಕೇನೀಗ" ಅಂದರು ಮಾವ.

ಮೇ ಹತ್ತಕ್ಕೆ ಹೊಸ ಸೇತುವೆಯ ಉದ್ಘಾಟನೆ, ವಾದ್ಯ ನಮ್ಮದೇ. ಅದಕ್ಕೆಂದು ಮೇಷ್ಟ್ರು ಹೊಸ ಪಾಲಿಶ್ ಡಬ್ಬಿ ತಂದಿದ್ದಾರೆ. ಎಂಥಾ ಘಾಟು ಅಂತೀಯ, ಕೋಣೆಯೊಳಗೆ ಹೋದರೆ ಸಾಕು, ಕಣ್ಣಲ್ಲಿ ನೀರು. ಕಣ್ಣು ಉರಿಸದ ಪಾಲಿಶ್ ಪಾಲಿಶೇ ಅಲ್ಲ ಅನ್ನುತ್ತಾರೆ ಮಾವ. ನಿನ್ನ ಕುರ್ಚಿಯಲ್ಲಿ ಯಾರನ್ನೂ ಕೂರಿಸಿಲ್ಲ.

ನಿನ್ನ ಅಕ್ಕ


೧೯ ಫೆಬ್ರವರಿ

ಅಕ್ಕಾ,

ನಿನ್ನ ಬೈಗುಳ ಓದಿ ಹೊಟ್ಟೆ ತುಂಬಿತು. ಫೋನಿನ ವಿಷಯ ಬಿಡು. ಇಲ್ಲಿ ಫೋನ್ ಇರುವುದು ಬಸ್ ನಿಲ್ದಾಣದ ಅಂಗಡಿಯಲ್ಲಿ, ಗದ್ದಲದಲ್ಲಿ ಏನೂ ತಿಳಿಯುವುದಿಲ್ಲ. ನೀನು ಬರೆ. ನಿನ್ನ ಕಾಗದದಲ್ಲಿ ಎಲ್ಲರ ದನಿಯೂ ನನಗೆ ಸರಿಯಾಗಿ ಕೇಳಿಸುತ್ತದೆ.

ಕೆಲಸ ಚೆನ್ನಾಗಿದೆ. ಕಾರ್ಖಾನೆಯಲ್ಲಿ ತಯಾರಾದ ಒಂದೊಂದು ವಾದ್ಯವನ್ನೂ ಊದಿ, ಶ್ರುತಿ ಸರಿಯಿದೆಯೇ ನೋಡಿ ಚೀಟಿ ಅಂಟಿಸುವ ವಿಭಾಗದಲ್ಲಿದ್ದೇನೆ ಎಂದು ಬರೆದಿದ್ದೆನಲ್ಲ, ಅದೇ. ಮಾವನಿಗೆ ಇನ್ನೊಮ್ಮೆ ಹೇಳು, ಖುಷಿಪಡಲಿ. ಇಲ್ಲಿಯ ಭಾಷೆ ಇನ್ನೂ ನಾಲಿಗೆಗೆ ಹತ್ತಿಲ್ಲ, ಓದುವುದು ಮಾತ್ರ ಅಷ್ಟಿಷ್ಟು ಕಲಿತಿದ್ದೇನೆ. ನಮ್ಮ ಮುದುಕ ಮೇಸ್ತ್ರಿ ಸೀಮೆಸುಣ್ಣದಲ್ಲಿ ಬೆಂಚಿನ ಮೇಲೆ ಬರೆದು ಕೆಲಸ ಹೇಳುತ್ತಾನೆ. ಒಳ್ಳೆಯವನು.

ಅಜ್ಜನ ದನಿ ಏರಿರಲಾರದು. ನಾನಿಲ್ಲದೆ ನೀವೆಲ್ಲ ಇಳಿದಿದ್ದೀರಿ, ಅದಕ್ಕೆ ಅವನು ಏರಿದಂತೆ ಕಾಣುತ್ತಿದೆ. ಕ್ಲಾರಿನೆಟ್ ಇಲ್ಲದ ಬ್ಯಾಂಡು ಮೂಗಿಲ್ಲದ ಮುಖ ಎಂದು ದರ್ಜಿಯಣ್ಣನಿಗೆ ನನ್ನ ಹೆಸರು ಹೇಳಿಯೇ ಹೇಳು, ಉರಿದುಕೊಳ್ಳಲಿ.

ಮಾವನಿಗೆ ನಮಸ್ಕಾರ.

ತಮ್ಮ


೫ ಮಾರ್ಚ್

ಪ್ರೀತಿಯ ತಮ್ಮನಿಗೆ,

ದರ್ಜಿಯಣ್ಣ ಉರಿದುಕೊಳ್ಳಲಿಲ್ಲ, "ಮೂಗಿಗೆ ಬೇಗ ಬರೋಕೆ ಹೇಳಮ್ಮ" ಅಂದ.

ಇದರ ಜೊತೆ ಒಂದು ಕ್ಯಾಸೆಟ್ ಕಳಿಸಿದ್ದೇನೆ. ಒಂದು ಬದಿಯಲ್ಲಿ ನೀನು ಇಲ್ಲಿದ್ದಾಗಿನ ಅಭ್ಯಾಸ ಇದೆ, ಶುರುವಿಗೆ ನಾವೆಲ್ಲ ಸುಮ್ಮನಿದ್ದು ಅಜ್ಜನ ದನಿ ಕೇಳಿಸಿಕೊಳ್ಳುತ್ತೇವಲ್ಲ, ಅದೂ ಇದೆ. ಇನ್ನೊಂದು ಬದಿ ಮೊನ್ನೆಯದು, ಮೇಷ್ಟ್ರ ರೆಕಾರ್ಡರಿನಲ್ಲಿ ಹಿಡಿದದ್ದು. ಎರಡನ್ನೂ ಕೇಳಿ ಹೇಳು. ಫೆಬ್ರವರಿಯಿಂದ ಈಚೆಗೆ ಮತ್ತೆ ಏರಿದೆ ಎಂದು ನನಗನಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವನ ದನಿಯ ಅಡಿಯಲ್ಲಿ ಇನ್ನೊಂದು ಸದ್ದಿದೆ. ಸುಯ್ ಅಂತ, ಸಣ್ಣಗೆ, ನಿಲ್ಲದೆ. ನನಗೆ ಕೇಳಿಸುತ್ತದೆ, ಉಳಿದವರಿಗೆ ಕೇಳಿಸುವುದಿಲ್ಲ. ಹಲ್ಲಿನ ಸಂದಿಯಿಂದ ನೀನೇ ಉಸಿರು ಬಿಡುತ್ತಿದ್ದೀಯ ಎಂದು ಎಲ್ಲರೂ ನಗುತ್ತಾರೆ. ಹೊಸ ಆಪರೇಟರ್‌ನನ್ನು ಕೇಳೋಣವೆಂದು ಹೋದರೆ ಅವನು ಮುಖಕ್ಕೆ ಒದ್ದೆ ಟವಲು ಸುತ್ತಿಕೊಂಡು ಬಾಗಿಲ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿದ್ದ. ಶೋಕಿಯೋ, ನೆಗಡಿಯೋ. ನನ್ನ ಮಾತಿಗೆ ತಲೆ ಅಲ್ಲಾಡಿಸಿದ, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ನನಗೆ ಭಯವಾಗುತ್ತದೆ, ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಮೇಷ್ಟ್ರ ಶಾಲೆಯ ಹಿಂದೆ ಒಂದು ಶೆಡ್ಡು ಖಾಲಿ ಇದೆ, ಅಲ್ಲಿಗೆ ಹೋಗೋಣ ಎಂದು ಕೇಳಿಕೊಂಡೆ. ಮಾವ ಒಪ್ಪಲಿಲ್ಲ. ಕೊನೆಗೆ ಹೇಳಿದರು, "ಅವನನ್ನ ಕೇಳು. ಅವನ ಕಿವಿಯೇ ನಮ್ಮ ಬ್ಯಾಂಡಿನ ಕಿವಿ. ಅವನು ಸರಿಯಿಲ್ಲ ಅಂದ್ರೆ ನಾಳೇನೇ ಡ್ರಮ್ ಹೊತ್ಕೊಂಡು ಬರ್ತೀನಿ." ಎಲ್ಲರ ಮುಂದೆಯೇ ಅಂದದ್ದು. ಆದ್ದರಿಂದ ನಿನ್ನ ಒಂದು ಮಾತಿಗೆ ಕಾಯುತ್ತಿದ್ದೇನೆ.

ಮಾವನಿಗೆ ಗಂಟಲು ಸ್ವಲ್ಪ ಕಟ್ಟಿದೆ, ಬೇರೇನಿಲ್ಲ. ನೀನು ತಲೆ ಕೆಡಿಸಿಕೊಳ್ಳಬೇಡ.

ಅಕ್ಕ


೨೦ ಮಾರ್ಚ್

ಅಕ್ಕಾ,

ಕ್ಯಾಸೆಟ್ ಮುಟ್ಟಿತು. ಒಂದಕ್ಕೆ ನಾಲ್ಕು ಸಲ ಕೇಳಿದೆ. ಎಷ್ಟು ಮುಳುಗಿಹೋಗಿದ್ದೆ ಎಂದರೆ, ಮನೆಯೊಡತಿ ಸದ್ದು ತಗ್ಗಿಸು ಎಂದು ಬಾಗಿಲು ಬಡಿದು ಬಡಿದು ಸಾಕಾಗಿ ಒಳಗೇ ಬಂದು ಭುಜ ಹಿಡಿದಾಗಲೇ ನನಗೆ ಗೊತ್ತಾದದ್ದು.

ಎರಡು ಬದಿಗೂ ವ್ಯತ್ಯಾಸ ಇಲ್ಲ. ಅಜ್ಜ ಇದ್ದ ಹಾಗೇ ಇದ್ದಾನೆ. ನೀನು ಹೇಳುವ ಸುಯ್ ಅನ್ನುವುದು ಕ್ಯಾಸೆಟ್ಟಿನದೇ ಇರಬೇಕು, ಹಳೆಯ ಕ್ಯಾಸೆಟ್ಟಿಗೆಲ್ಲ ಅದು ಇರುತ್ತದೆ. ಸುಮ್ಮನೆ ಕೋಣೆ ಬದಲಿಸಿ ಮಾವನಿಗೆ ತೊಂದರೆ ಕೊಡಬೇಡ. ಬೇಸಿಗೆಯಲ್ಲಿ ಅಷ್ಟು ತಂಪಾದ ಕೋಣೆ ನಿಮಗೆ ಎಲ್ಲಿ ಸಿಗುತ್ತದೆ?

ಇವತ್ತು ಹೆಚ್ಚು ಬರೆಯಲಾರೆ. ಕೆಲಸ ಇದೆ.

ತಮ್ಮ


೪ ಏಪ್ರಿಲ್

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದವನ್ನು ಮಾವ ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. ಓದಿ ಮುಗಿಸುವಷ್ಟರಲ್ಲಿ ನನ್ನ ಮುಖ ಹುಳ್ಳಗಾಗಿತ್ತು. ಮೇಷ್ಟ್ರು, "ಒಂದು, ಎರಡು, ಇನ್ನು ಸುಯ್ ಅನ್ನೋ ಹಾಗಿಲ್ಲ, ನಾಲ್ಕು" ಅಂದರು. ನಾನೂ ನಕ್ಕುಬಿಟ್ಟೆ. ಆವತ್ತಿನಿಂದ ಸದ್ದಿನ ಮಾತೆತ್ತಿಲ್ಲ. ನಿನ್ನ ಕಿವಿಯ ಮುಂದೆ ನನ್ನ ಕಿವಿ ಯಾವ ಲೆಕ್ಕ.

ಈಗ ಅಭ್ಯಾಸ ದಿನಾ ಸಂಜೆ. ಎದುರು ಮನೆಯವರು ಗಲಾಟೆ ಎಂದು ತಕರಾರು ಮಾಡಿದ್ದಕ್ಕೆ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿದ್ದೇವೆ. ಪೋಸ್ಟ್‌ಮ್ಯಾನ್ ಬರುವುದನ್ನೇ ಬಿಟ್ಟಿದ್ದಾನೆ. ಕಣ್ಣುರಿ, ತಲೆನೋವು ಅಂತೆ. ನಿದ್ದೆ ಮಾಡಲು ಮನೆಯೇ ವಾಸಿ ಎಂದು ಕಂಡಿರಬೇಕು ಎಂದು ನಾವು ಆಡಿಕೊಂಡೆವು.

ಈ ಸಲದ ತೊಂದರೆ ಬೇರೆ. ವಾದ್ಯಗಳ ಮೇಲೆ ಹಸಿರು ಕಲೆ ಬೀಳುತ್ತಿದೆ. ಉಜ್ಜಿದಷ್ಟೂ ಮರುದಿನಕ್ಕೆ ಮತ್ತೆ ಬರುತ್ತದೆ, ಹಾಗಾಗಿ ಪಾಲಿಶ್ ಮೇಲೆ ಪಾಲಿಶ್. ಹೋದ ವಾರ ದರ್ಜಿಯಣ್ಣನ ಟ್ರಂಪೆಟ್ಟಿನ ಬಾಗಿದ ಕೊಳವೆ ಸೀಳಿತು. ಬಿದ್ದದ್ದಿಲ್ಲ, ತಾಗಿದ್ದಿಲ್ಲ, ಗೋಡೆಯ ಮೊಳೆಗೆ ನೇತುಹಾಕಿದ್ದ ಹಾಗೆಯೇ ಕೂದಲೆಳೆಯಂಥ ಬಿರುಕು. ನೀನೇ ಎಲ್ಲೋ ಕುಟ್ಟಿದ್ದೀಯ ಎಂದು ಎಲ್ಲರೂ ಅವನ ಮೇಲೆ ಬಿದ್ದರು. ಪಾಪ, ಒಂದು ವಾರ ಮಾತಾಡಲಿಲ್ಲ. ಈಗ ನೋಡಿದರೆ ಮೇಷ್ಟ್ರ ಟ್ರೊಂಬೋನಿನಲ್ಲೂ ಬಿರುಕು. ಸೇತುವೆಯ ದಿನ ಹತ್ತಿರ ಬರುತ್ತಿದೆ. ದರ್ಜಿಯಣ್ಣ ಎಲ್ಲಿಂದಲೋ ಬೇರೆ ಟ್ರಂಪೆಟ್ ಕೇಳಿ ತಂದಿದ್ದಾನೆ, ಆದರೆ ಅದರಲ್ಲಿ ಅವನ ಉಸಿರು ನಿಲ್ಲುತ್ತಿಲ್ಲ. ಸೀಳಿದ ಕೊಳವೆಯನ್ನು ಪಾರ್ಸೆಲ್ ಮಾಡಿದ್ದೇನೆ. ನಿನ್ನ ಮೇಸ್ತ್ರಿಗೆ ತೋರಿಸಿ ಬೆಸುಗೆ ಹಾಕಿಸಿ ಕಳಿಸು.

ಮಾವ ಈಗ ಮಾತು ಕಮ್ಮಿ ಮಾಡಿದ್ದಾರೆ. ವಯಸ್ಸಾಯಿತಲ್ಲ. ಫೋನ್ ಹೊಡೆದುಕೊಂಡಾಗ ಮಾತ್ರ ನನಗಿಂತ ಮೊದಲು ಮೆಟ್ಟಿಲ ಕಡೆ ನೋಡುತ್ತಾರೆ. ಒಂದು ಸಲ ಮಾಡೋ, ಮಹಾರಾಯ.

ಅಕ್ಕ


೨೧ ಏಪ್ರಿಲ್, ಮಧ್ಯಾಹ್ನ

ಅಕ್ಕಾ, ಇದನ್ನು ಓದಿದ ಕೂಡಲೇ ಎಲ್ಲರನ್ನೂ ಆ ಕೋಣೆಯಿಂದ ಹೊರಗೆ ಕರೆದುಕೊಂಡು ಹೋಗು. ಉಳಿದದ್ದನ್ನು ರಸ್ತೆಯಲ್ಲಿ ನಿಂತು ಓದು.

ಪಾರ್ಸೆಲ್ ಇವತ್ತು ಬಂತು. ಕೊಳವೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟೆ. ಅವನು ಕನ್ನಡಕ ಏರಿಸಿ ನೋಡಿದ, ಹಸಿರು ಕಲೆಯನ್ನು ಉಗುರಿನಿಂದ ಕೆರೆದ, ಸೀಮೆಸುಣ್ಣ ತೆಗೆದುಕೊಂಡು ಬೆಂಚಿನ ಮೇಲೆ ಬರೆದ: ಇದು ಎಲ್ಲಿ ನೇತಾಡುತ್ತಿತ್ತು? ನಾನು ಮಂಜುಗಡ್ಡೆಯ ಚಿತ್ರ ಬರೆದು ಮೇಲೆ ಒಂದು ಮನೆ ಬರೆದೆ. ಅವನು ಕುಡಿಯುತ್ತಿದ್ದ ಚಹಾ ಕೆಳಗಿಟ್ಟ. ಐಸ್ ಮಾಡುವ ಯಂತ್ರದೊಳಗೆ ಅಮೋನಿಯಾ ಅನಿಲ ಓಡುತ್ತದಂತೆ. ಅದು ಸೋರಿ ಹಿತ್ತಾಳೆಗೆ ತಗುಲುತ್ತಿದ್ದರೆ, ಬಾಗಿಸಿದ ಕಡೆಯಲ್ಲೆಲ್ಲ ತಾನಾಗಿ ಹೀಗೆ ಸೀಳುತ್ತದಂತೆ. ಪಾಲಿಶ್‌ನಲ್ಲೂ ಒಂದು ಚೂರು ಅದೇ ಇರುತ್ತದೆ, ಹಾಗಾಗಿ ಬ್ಯಾಂಡಿನವರ ಮೂಗಿಗೆ ಅದು ಪಾಲಿಶ್ ಎಂದೇ ತೋರುತ್ತದೆ. ನಿಮ್ಮ ಕಣ್ಣು ಉರಿಸಿದ್ದು ಡಬ್ಬಿಯಲ್ಲ ಅಕ್ಕಾ, ಅಜ್ಜ. ಯಂತ್ರದ ವೇಗ ಏರಿಸಿದ್ದಾರೆ, ದನಿ ಏರುತ್ತಿದೆ ಎಂದೂ ಚಿತ್ರ ಬರೆದು ತಿಳಿಸಿದೆ. ಅವನು ನನ್ನನ್ನು ಬಾಗಿಲ ಕಡೆಗೆ ತಳ್ಳಿದ. ಯಂತ್ರದ ಕೊಳವೆ ಒಡೆದರೆ ಒಂದು ಉಸಿರಿನಷ್ಟೂ ಹೊತ್ತು ಸಿಗುವುದಿಲ್ಲ.

ನಿನಗೆ ಕೇಳಿಸಿದ ಸುಯ್ ನಿಜ. ನನಗೆ ಕ್ಯಾಸೆಟ್ ಕೇಳಿಸಲೇ ಇಲ್ಲ. ಪರೀಕ್ಷೆಯ ವಿಭಾಗಕ್ಕೆ ನನ್ನನ್ನು ಎಂದೂ ಹಾಕಲಿಲ್ಲ. ಬಂದ ದಿನದಿಂದ ತಗಡು ಬಡಿಯುವ ಶೆಡ್ಡಿನಲ್ಲಿದ್ದೇನೆ, ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆ. ಹೋದ ವರ್ಷ ಬಲಗಿವಿ ಹೋಯಿತು, ಈ ವರ್ಷದ ಮೊದಲಿಗೆ ಎಡಗಿವಿಯೂ. ಕ್ಯಾಸೆಟ್ ಹಾಕಿ ಸ್ಪೀಕರಿಗೆ ಅಂಗೈ ಒತ್ತಿ ಕೂತಿದ್ದೆ, ನಡುಕ ಮಾತ್ರ ಸಿಕ್ಕಿತು. ಅವನ ಕಿವಿಯೇ ನಮ್ಮ ಬ್ಯಾಂಡಿನ ಕಿವಿ ಎಂದು ಮಾವ ಅಂದದ್ದನ್ನು ಓದಿದ ಮೇಲೆ, ಕೇಳಿಸಲಿಲ್ಲ ಎಂದು ಬರೆಯಲು ನನ್ನ ಕೈ ಏಳಲಿಲ್ಲ. ನಾಚಿಕೆಯಾಯಿತು. ಇಷ್ಟೇ ಕಾರಣ, ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಈ ಕಾಗದ ನಿನ್ನನ್ನು ಮುಟ್ಟಲು ವಾರದ ಮೇಲಾಗುತ್ತದೆ. ಈ ಊರಿನ ತಂತಿ ಕಚೇರಿ ಮಧ್ಯಾಹ್ನಕ್ಕೇ ಮುಚ್ಚುತ್ತದೆ, ಬೆಳಿಗ್ಗೆ ಮೊದಲ ಕೆಲಸ ಅದೇ. ಹಗಲಲ್ಲಿ ನೀವು ಅಲ್ಲಿರುವುದಿಲ್ಲ, ಅಭ್ಯಾಸದ ಹೊತ್ತಿಗೆ ಸರಿಯಾಗಿ ಫೋನ್ ಮಾಡುತ್ತೇನೆ. ಅಂಗಡಿಯವನಿಗೆ ನಮ್ಮ ಮಾತು ಬಾರದು, ನನಗೆ ಉತ್ತರ ಕೇಳಿಸದು. ಆದರೂ ಮಾಡುತ್ತೇನೆ.

ಸಂಜೆ

ಮಾಡಿ ಬಂದೆ. ಸಂಪರ್ಕ ಸಿಕ್ಕಿತೆಂದು ಅಂಗಡಿಯವನು ಕೈಸನ್ನೆ ಮಾಡಿ ಹೇಳಿದ. ನಾನು ಹೇಳಬೇಕಾದ್ದನ್ನು ಹೇಳಿದೆ, ಮತ್ತೆ ಹೇಳಿದೆ, ಅವನು ಕೈಯಿಂದ ಫೋನ್ ಕಿತ್ತುಕೊಳ್ಳುವವರೆಗೂ ಹೇಳುತ್ತಲೇ ಇದ್ದೆ. ನಡುವೆ ರಿಸೀವರನ್ನು ಅಂಗೈಯಲ್ಲಿ ಹಿಡಿದು ನೋಡಿದಾಗ ಸಣ್ಣಗೆ ಅದುರುತ್ತಿತ್ತು. ಯಾರೋ ಮಾತಾಡುತ್ತಿದ್ದರು. ಯಾರು ಅಕ್ಕಾ? ಏನು ಹೇಳುತ್ತಿದ್ದರು?

ತಮ್ಮ


೫ ಮೇ

ತಮ್ಮಾ,

ನಿನ್ನ ಕಾಗದ ಇವತ್ತು ಬಂತು. ಮಾವ ಇಲ್ಲ ಎಂದು ನಾನು ಕೊಟ್ಟ ತಂತಿ ನಿನ್ನ ಕೈಸೇರಿದೆ ಎಂದು ನಿನ್ನ ಕಾರ್ಖಾನೆಯಿಂದ ಅಂದೇ ಉತ್ತರ ಬಂದಿತ್ತು. ನೀನು ಬರಲಿಲ್ಲ. ಮುಖ ತೋರಿಸಲು ಹೆದರಿ ಕೂತಿದ್ದೀಯ ಎಂದು ಗೊತ್ತು. ಆದ್ದರಿಂದ ನೀನು ಕೇಳಿದ್ದಕ್ಕೆ ಬರೆದೇ ಉತ್ತರ ಕೊಡುತ್ತೇನೆ.

ಫೋನ್ ಎತ್ತಿದವಳು ನಾನು. ಎರಡು ವರ್ಷದ ಮೇಲೆ ನಿನ್ನ ದನಿ. "ಅಕ್ಕಾನೋ ಮಾವಾನೋ ಗೊತ್ತಿಲ್ಲ, ಯಾರೇ ಆಗಿರಲಿ, ಎಲ್ಲರೂ ಹೊರಗೆ ಹೋಗಿ" ಅಂದೆ. ನಾನು ಕಣೋ, ಅಕ್ಕ, ಏನಾಯಿತು ಎಂದು ಕೇಳಿದೆ. ನೀನು ನಿಲ್ಲಲಿಲ್ಲ. ನಾನು ಕೂಗಿದೆ, ಅತ್ತುಬಿಟ್ಟೆ. ನೀನು ಅದೇ ಮಾತನ್ನು ಮತ್ತೆ ಮೊದಲಿನಿಂದ ಶುರುಮಾಡಿದೆ. ಮೇಲಿನಿಂದ ಮಾವನನ್ನು ಕರೆದೆ. ಅವರು ಕೆಮ್ಮುತ್ತಾ ಇಳಿದು ಬಂದು ರಿಸೀವರ್ ಕಿವಿಗಿಟ್ಟರು. ನಿನ್ನ ಹೆಸರು ಹಿಡಿದು ಕರೆದು ಒಂದು ಮಾತು ಕೇಳಿದರು. ಸ್ವಲ್ಪ ಹೊತ್ತು ಕಾದು ಅದನ್ನೇ ಮತ್ತೆ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇವನಿಗೆ ಕಿವಿ ಕೇಳಿಸ್ತಿಲ್ಲ ಕಣೆ" ಅಂದರು.

ಫೋನನ್ನು ಕೆಳಗಿಡಲು ಅವರಿಗೆ ಮನಸ್ಸು ಬರಲಿಲ್ಲ. ನೀನು ಮಾತಾಡುತ್ತಿದ್ದ ಹಾಗೆಯೇ ರಿಸೀವರನ್ನು ಮೇಜಿನ ಮೇಲೆ ಮೆಲ್ಲಗೆ ಮಲಗಿಸಿ ಮೆಟ್ಟಿಲು ಹತ್ತಿದರು. ವಾದ್ಯ ಇದ್ದಲ್ಲೇ ಬಿಟ್ಟು ಏಳಿ ಅಂದರು. ಅವರ ಬಾಯಲ್ಲಿ ಆ ಮಾತನ್ನು ನಾವು ಯಾರೂ ಕೇಳಿರಲಿಲ್ಲ, ಹಾಗಾಗಿ ಯಾರೂ ಎದುರಾಡಲಿಲ್ಲ. ಇಳಿದೆವು. ಅವರು ಹಿಂದೆಯೇ ಇದ್ದಾರೆ ಅಂದುಕೊಂಡೆ. ರಸ್ತೆಯಲ್ಲಿ ಮೇಷ್ಟ್ರು ಅಭ್ಯಾಸಬಲದಿಂದ ನಮ್ಮನ್ನು ಎಣಿಸಿದರು, ಒಂದು, ಎರಡು, ಮೂರು, ಅಲ್ಲಿಗೇ ನಿಂತರು. ಆಗ ಮುಚ್ಚಿದ ಕಿಟಕಿಯೊಳಗಿಂದ ಡ್ರಮ್ಮಿನ ಪೆಟ್ಟು ಕೇಳಿಸಿತು. ಒಂದೇ ಒಂದು, ಅಂಗೈಯಿಂದ ಕೊಟ್ಟ ಮೆಲುಪೆಟ್ಟು. ನಾನು ಮಾವಾ ಎಂದು ಕಿರುಚಿದೆ. ಅಜ್ಜನ ದನಿ ಏರಿತು, ಕೀರಲಾಯಿತು, ಫಟ್ ಎಂದು ನಿಂತುಹೋಯಿತು. ಕಿಟಕಿಯ ಸಂದಿಗಳಿಂದೆಲ್ಲ ಬಿಳಿ ಹೊಗೆ ಬಂತು.

ದರ್ಜಿಯಣ್ಣ ಅಂಗಿ ಬಿಚ್ಚಿ ನೀರಲ್ಲಿ ಅದ್ದಿ, ಅಳತೆ ಟೇಪಿನಿಂದ ಮುಖಕ್ಕೆ ಬಿಗಿದುಕೊಂಡು ಮೆಟ್ಟಿಲಿನ ತಿರುವಿನವರೆಗೆ ಹೋದ. ಅಲ್ಲಿಂದ ಅವನನ್ನೇ ಎಳೆದು ತರಬೇಕಾಯಿತು. ಅವನ ಕಣ್ಣಿಗೆ ಇನ್ನೂ ಪಟ್ಟಿ ಇದೆ. ಆಪರೇಟರ್ ಬಾಗಿಲ ಹೊರಗೇ ಇದ್ದವನು ಬದುಕಿದ. ಅಗ್ನಿಶಾಮಕದವರು ಮಾವನನ್ನು ತಂದಾಗ ಅವರ ಬೆರಳುಗಳಲ್ಲಿ ಲಾಡಿ ಸಿಕ್ಕಿಕೊಂಡಿತ್ತು. ಮುಸುಕಿನ ಅರ್ಧ ಗಂಟು ಬಿದ್ದಿತ್ತು, ಅರ್ಧ ಉಳಿದಿತ್ತು.

ನಿನ್ನ ತಂತಿ ಮರುದಿನ ಬೆಳಿಗ್ಗೆ ಬಂತು. ತಂದವನು ನಮ್ಮ ಪೋಸ್ಟ್‌ಮ್ಯಾನೇ. ಕೊಡಲಾರದೆ ಹೊಸ್ತಿಲಲ್ಲೇ ಕೂತ.

ನಿನ್ನ ಮೇಲೆ ನನಗೆ ಸಿಟ್ಟಿದೆ, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಕೇಳಿಸಲಿಲ್ಲ ಎಂದು ಒಂದು ಸಾಲು ಬರೆದಿದ್ದರೆ ಮಾರ್ಚ್‌ನಲ್ಲೇ ನಾವು ಆ ಶೆಡ್ಡಿನಲ್ಲಿರುತ್ತಿದ್ದೆವು. ಆದರೆ ನಾನೂ ನಿನಗೆ ಬರೆಯಲಿಲ್ಲ. ಮಾವನಿಗಿದ್ದದ್ದು ಗಂಟಲು ನೋವಲ್ಲ, ರಕ್ತ ಬರುವ ಕೆಮ್ಮು. ಯಾವುದೋ ಘಾಟು ಎದೆಗೆ ಹೋಗುತ್ತಿದೆ, ಎಲ್ಲಿ ಕೂರುತ್ತಾರೆ ಎಂದು ಡಾಕ್ಟರು ಮಾರ್ಚ್‌ನಲ್ಲೇ ಕೇಳಿದ್ದರು. ಪಾಲಿಶ್ ಎಂದು ನಾವಿಬ್ಬರೂ ಒಟ್ಟಿಗೆ ಹೇಳಿದೆವು. ಗೊತ್ತಾದರೆ ಅವನು ಒಳ್ಳೆಯ ಕೆಲಸ ಬಿಟ್ಟು ಓಡಿ ಬರುತ್ತಾನೆ, ಬರೆಯಬೇಡ ಎಂದು ಮಾವ ನನ್ನಿಂದ ಮಾತು ತೆಗೆದುಕೊಂಡರು. ಆ ಸಂಗತಿಯನ್ನು ನಾನು ಬರೆದಿದ್ದರೆ ನಿನ್ನ ಮೇಸ್ತ್ರಿ ಅಂದೇ ಚಹಾ ಕೆಳಗಿಡುತ್ತಿದ್ದನೇನೋ. ಈ ಯೋಚನೆ ನನ್ನನ್ನು ಮಲಗಲು ಬಿಡುವುದಿಲ್ಲ.

ಸೇತುವೆಗೆ ಬೇರೆ ಊರಿನ ಬ್ಯಾಂಡು ಬರುತ್ತದೆ. ಡ್ರಮ್ಮನ್ನು ಮನೆಗೆ ತಂದಿದ್ದೇನೆ. ಉಳಿದ ಗಂಟುಗಳನ್ನು ಹಾಕಿಲ್ಲ, ಅದು ನಿನ್ನ ಕೆಲಸ.

ರಿಸೀವರ್ ಅದುರಿದ್ದು ಯಾರ ಮಾತಿಗೆ, ಏನು ಹೇಳುತ್ತಿದ್ದರು ಎಂದು ಕೇಳಿದ್ದೀಯ. ಒಮ್ಮೆ ನನ್ನ ಅಳುವಿಗೆ. ಆಮೇಲೆ ಮಾವನ ಮಾತಿಗೆ. ಅವರು ಕೇಳಿದ್ದು ಇಷ್ಟೇ:

"ಯಾವಾಗ ಬರ್ತೀಯೋ?"

ಅಕ್ಕ